ಮಲ್ಲಯ್ಯನ ಕಾಲುದಾರಿ

ಹೋಳಿ ಹುಣ್ಣಿಮೆ ಕಳೆದು ಯುಗಾದಿಗೆ ಇನ್ನು ಹದಿನೈದು ದಿನ ಉಳಿಯಿತೆಂದರೆ ಸಿಂಧನೂರು ತಾಲೂಕಿನ ಸಾಲಗುಂದದ ಸುತ್ತಿನ ಊರುಗಳಲ್ಲಿ ಒಂದು ಬಗೆಯ ಸಡಗರ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು ತಟ್ಟಿ, ಬೇಯಿಸಿ, ಒಣಗಿಸಿ, ಅಡಕೆಯಾಗಿ ಒಟ್ಟುತ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಪುಡಿಗಳು ಬಟ್ಟೆಯ ಚೀಲಗಳಲ್ಲಿ ತುಂಬುತ್ತವೆ. ಹೊಸದೊಂದು ಸೀರೆ, ಕುಪ್ಪಸದ ಕಣ, ಬಳೆ, ಅರಿಸಿನ ಕುಂಕುಮ ಇವುಗಳ ಗಂಟು ಬೇರೆಯಾಗಿ ಸಿದ್ಧವಾಗುತ್ತದೆ. ಮನೆಯ ಮಗಳನ್ನು ನೋಡಲು ಹೊರಟವರ ಸಡಗರವಿದು. ಮಗಳೆಂದರೆ ಶ್ರೀಶೈಲದ ಭ್ರಮರಾಂಬೆ. ಅವಳ ಕೈಹಿಡಿದ ಮಲ್ಲಯ್ಯ ಕನ್ನಡಿಗರಿಗೆ ಅಳಿಯ. ಉತ್ತರ ಕರ್ನಾಟಕದ ಜನ ತಲೆತಲಾಂತರದಿಂದ ನಂಬಿಕೊಂಡು ಬಂದಿರುವ ನಂಟು ಇದು. ವರ್ಷಕ್ಕೊಮ್ಮೆ, ಯುಗಾದಿಯ ಹಬ್ಬಕ್ಕೆ, ಬರಿಗೈಯಲ್ಲಿ ಹೋಗದೆ, ಗಾಡಿಯನ್ನೂ ಏರದೆ, ನಡೆದೇ ಹೋಗಿ ಮಗಳನ್ನು ಕಾಣಬೇಕೆಂಬುದು ಅವರ ಹರಕೆ.

ಸಾಲಗುಂದದ ಸೀಮೆಯಿಂದ ಶ್ರೀಶೈಲಕ್ಕೆ 200 ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಷ್ಟು ದೂರ ನಡೆಯಲಾಗದವರು ಹತ್ತಿರದ ಮಸ್ಕಿಯ ಬೆಟ್ಟವನ್ನು ಹತ್ತಿ ಅಲ್ಲಿಯ ಮಲ್ಲಿಕಾರ್ಜುನನ ದರ್ಶನ ಮಾಡಿ ತೃಪ್ತಿಪಡುತ್ತಾರೆ. ಅದನ್ನು ಸುತ್ತಿನ ಜನ ಎರಡನೆಯ ಶ್ರೀಶೈಲವೆಂದೇ ಕರೆಯುತ್ತಾರೆ. ನಡೆಯಬಲ್ಲವರು ತುಂಗಭದ್ರೆಯನ್ನು ದಾಟಿ, ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರುಗಳ ದಾರಿ ಹಿಡಿಯುತ್ತಾರೆ. ರಾಯಚೂರು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಹೊರಟ ಸಾವಿರಾರು ಜನ ಈ ದಾರಿಗಳಲ್ಲಿ ಸೇರಿಕೊಳ್ಳುತ್ತಾರೆ. ಕೆಲವರ ಹೆಗಲ ಮೇಲೆ ಅಲಂಕರಿಸಿದ ಕಂಬಿ. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ದಾರಿಯ ತೆಲುಗು ಹಳ್ಳಿಗಳ ಜನ ಇವರಿಗೆ ಮಜ್ಜಿಗೆ ಕೊಡುತ್ತಾರೆ, ಊಟಕ್ಕೆ ಬಡಿಸುತ್ತಾರೆ, ಗುಳ್ಳೆ ಎದ್ದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಮಾತು ಬೇರೆಯಾದರೂ ‘ಮಲ್ಲಯ್ಯ’ ಎಂಬ ಹೆಸರು ಎರಡು ನುಡಿಗಳಿಗೂ ಒಂದೇ. ಬಯಲಿನ ಈ ದಾರಿ ದೀರ್ಘವೆಂಬುದನ್ನು ಬಿಟ್ಟರೆ ಕಠಿಣವಲ್ಲ. ಕಠಿಣವಾದುದು ಕೊನೆಗೆ ಬರುತ್ತದೆ. ಆತ್ಮಕೂರಿನಾಚೆ ವೆಂಕಟಾಪುರದ ಬಳಿ ಊರುಗಳು ಮುಗಿದು ನಲ್ಲಮಲ ಬೆಟ್ಟಗಳು ಎದ್ದು ನಿಲ್ಲುತ್ತವೆ. ಅಲ್ಲಿಂದ ಶ್ರೀಶೈಲದವರೆಗೆ 40 ಕಿಲೋಮೀಟರಿಗೂ ಮೀರಿದ ಕಾಡಿನ ಕಾಲುದಾರಿ. ಅದರಲ್ಲಿ ಒಂದು ಇಡೀ ದಿನದ ನಡಿಗೆ ಹೇಗಿರುತ್ತದೆಂಬುದನ್ನು ಸಾಲಗುಂದದ ಕಡೆಯ ಒಂದು ತಂಡದ ಜೊತೆಯಲ್ಲಿ ಸಾಗಿ ನೋಡೋಣ.

ತಂಡದಲ್ಲಿ ಹನ್ನೊಂದು ಜನ. ಮುಂದಾಳು ಅರುವತ್ತು ದಾಟಿದ ಒಬ್ಬ ರೈತ; ಈ ದಾರಿಯಲ್ಲಿ ಹಲವು ಬಾರಿ ನಡೆದವನು. ಎಲ್ಲರಿಗೂ ಅವನು ‘ತಾತ’. ಕಿರಿಯವನು ಒಂಬತ್ತನೆಯ ತರಗತಿಯ ಹುಡುಗ. ಮೊದಲ ಸಲ ಬಂದವನು. ಅವನ ಸೋದರತ್ತೆಯ ಬಗಲಿನಲ್ಲಿ ಭ್ರಮರಾಂಬೆಯ ಸೀರೆಯ ಗಂಟಿದೆ. ಎಷ್ಟೇ ದಣಿದರೂ ಅದನ್ನು ಆಕೆ ಇನ್ನೊಬ್ಬರ ಕೈಗೆ ಕೊಟ್ಟಿಲ್ಲ. ಹಿಂದಿನ ರಾತ್ರಿ ಇವರೆಲ್ಲ ನಾಗಲೂಟಿಯಲ್ಲಿ ತಂಗಿದ್ದರು. ಅದು ಕಾಡಿನ ನಡುವಿನ ಒಂದು ತಾಣ. ವೀರಭದ್ರನ ಹಳೆಯ ಗುಡಿ ಅಲ್ಲಿದೆ. ಬೆಳಕು ಮೂಡುವ ಮೊದಲೇ ತಾತ ಎಲ್ಲರನ್ನೂ ಎಬ್ಬಿಸಿದನು. ಅವನ ಮೊದಲ ಮಾತು ದೇವರದಾಗಿರಲಿಲ್ಲ, ನೀರಿನದಾಗಿತ್ತು.

“ಎಲ್ಲಾರೂ ಬಾಟ್ಲಿ ತುಂಬಿಕೊಳ್ರಿ. ಮುಂದ ಪೆದ್ದ ಚೆರುವು ಬರೂಮಟ ನಂಬಿಕಿ ಇಡೂವಂಥ ನೀರಿಲ್ಲ. ತಮ್ಮಾ, ನೀ ಹೊಟ್ಟಿ ತುಂಬ ಕುಡದು ಆಮ್ಯಾಲೆ ತುಂಬಿಕೋ.”

ಹುಡುಗನಿಗೆ ಈ ಮಾತು ಅಷ್ಟಾಗಿ ನಾಟಲಿಲ್ಲ. ಅವನು ಕಾಲುವೆಯ ಸೀಮೆಯಲ್ಲಿ ಹುಟ್ಟಿದವನು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಕರಿಯ ನೆಲ ಬತ್ತದ ನೆಲವಾಯಿತು. ಅದಕ್ಕೆ ಮುಂಚೆ ಅದು ಮಳೆಯನ್ನೇ ನೆಚ್ಚಿದ ಜೋಳದ ನೆಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಿದ್ದರೂ ನಡುವಿನ ನಾಡು ಬಾಯಾರಿ ನಿಂತಿರುತ್ತಿತ್ತು. ಎರಡು ಹೊಳೆಗಳ ನಡುವೆ ಬರಗಾಲ ಎಂದರೆ ಇಂದಿನ ಮಕ್ಕಳಿಗೆ ಒಗಟಿನಂತೆ ಕೇಳಿಸುತ್ತದೆ. ಕೊಡ ಹೊತ್ತು ಮೈಲುಗಟ್ಟಲೆ ನಡೆದ ತಾಯಂದಿರ ಮಕ್ಕಳಿಗೆ ಅದು ಒಗಟಲ್ಲ. ತಾತ ಅಂಥ ತಾಯಿಯ ಮಗ.

ಬೆಳಕು ಕಾಣಿಸಿಕೊಂಡೊಡನೆ ನಡಿಗೆ ಮೊದಲಾಯಿತು. ಸಮತಟ್ಟಾದ ದಾರಿ ಬೇಗನೆ ಮುಗಿದು ಏರು ಬಂತು. ತೆಲುಗಿನಲ್ಲಿ ‘ನಲ್ಲ’ ಎಂದರೆ ಕಪ್ಪು, ‘ಮಲ’ ಎಂದರೆ ಬೆಟ್ಟ. ಮಳೆಗಾಲದಲ್ಲಿ ದಟ್ಟವಾಗಿ ಹಬ್ಬಿ ಕಪ್ಪಗೆ ಕಾಣುವ ಕಾಡು ಫಾಲ್ಗುಣದ ಹೊತ್ತಿಗೆ ಎಲೆಯುದುರಿಸಿ ಬೋಳಾಗಿ ನಿಂತಿರುತ್ತದೆ. ತೇಗ, ಮತ್ತಿ, ದಿಂಡಿಗದ ಮರಗಳ ಕೊಂಬೆಗಳು ಬಿಸಿಲನ್ನು ತಡೆಯಲಾರವು. ಕಾಲಡಿಯಲ್ಲಿ ಒಣಗಿದ ಎಲೆ, ಎಲೆಯ ಕೆಳಗೆ ಚೂಪುಗಲ್ಲು. ಅಲ್ಲೊಂದು ಇಲ್ಲೊಂದು ಮುತ್ತುಗದ ಮರ ಮಾತ್ರ ಎಲೆಯೇ ಇಲ್ಲದೆ ಕೆಂಡದಂಥ ಹೂವನ್ನು ಹೊತ್ತಿದೆ. ಇಪ್ಪೆಯ ಹೂವಿನ ಸಿಹಿಗಂಪು ಬೆಳಗಿನ ಗಾಳಿಯಲ್ಲಿ ಬಂದು ಹೋಗುತ್ತದೆ.

ಈ ಕಲ್ಲುಗಳು ಹುಡುಗನ ಊರಿನ ಕಲ್ಲುಗಳಂತಲ್ಲ. ಮಸ್ಕಿ, ಲಿಂಗಸುಗೂರುಗಳ ಕಡೆಯ ಗುಂಡುಗಳು ದುಂಡಗೆ, ಒಂದರ ಮೇಲೊಂದು ಪೇರಿಸಿಟ್ಟಂತೆ ಇರುತ್ತವೆ. ಇಲ್ಲಿಯ ಬಂಡೆಗಳು ಪದರಪದರವಾಗಿ, ಹಾಳೆ ಜೋಡಿಸಿದ ಪುಸ್ತಕದಂತೆ ಕಾಣುತ್ತವೆ. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಮರಳು, ಕೆಸರು ನೆಲೆನಿಂತು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ ಕಲ್ಲಾದುವು. ಮುಂದೆ ನೆಲ ಮಡಿಚಿ ಮೇಲೆದ್ದು ಈ ಬೆಟ್ಟಗಳಾದುವು. ಮಳೆಯ ನೀರು ಇಂಥ ಬಂಡೆಯ ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಇಲ್ಲವೆ ಕಡಿದಾದ ಕೊರಕಲುಗಳಲ್ಲಿ ಓಡಿಹೋಗುತ್ತದೆ. ಮಳೆ ನಿಂತ ಕೆಲವು ತಿಂಗಳಲ್ಲೇ ಹಳ್ಳಗಳು ಬತ್ತಿ ಬರಿಯ ಕಲ್ಲಿನ ಹಾದಿಗಳಾಗುತ್ತವೆ. ಹೀಗೆ ನೀರೇ ಹುಟ್ಟಿಸಿದ, ನೀರೇ ಕೊರೆದ ಬೆಟ್ಟದಲ್ಲಿ ಬೇಸಿಗೆಯಲ್ಲಿ ಗುಟುಕು ನೀರಿಗೆ ಹುಡುಕಾಡಬೇಕು.

ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಬೆನ್ನಿಗೆ ಚುರುಕೆನ್ನಿಸತೊಡಗಿತು. ಹುಡುಗ ಮೊದಲೆರಡು ಗಂಟೆ ಎಲ್ಲರಿಗಿಂತ ಮುಂದಿದ್ದನು. ಏರಿನಲ್ಲಿ ಓಡಿ, ಮೇಲೆ ನಿಂತು, ಹಿಂದಿನವರು ಬರುವವರೆಗೆ ನೀರು ಕುಡಿಯುವುದು ಅವನ ಕ್ರಮವಾಗಿತ್ತು. ಒಮ್ಮೆ ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೂ ತಲೆಗೂ ಸುರಿದುಕೊಂಡನು. ತಾತ ಅದನ್ನು ದೂರದಿಂದ ನೋಡಿದನು. ಆದರೆ ಏನನ್ನೂ ಅನ್ನಲಿಲ್ಲ. ಬಯ್ಯಬೇಕಾದ ಕಡೆ ಸುಮ್ಮನಿದ್ದುದು ತಪ್ಪೆಂದೇ ಹೇಳಬೇಕು.

ಬಿಸಿಲಿನಲ್ಲಿ ಹೊರೆ ಹೊತ್ತು ಏರು ಹತ್ತುವ ಮನುಷ್ಯನ ಮೈಯಿಂದ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಬೆವರು ಹರಿಯುತ್ತದೆ. ಬೆವರು ಆರುವಾಗ ಮೈಯ ಕಾವನ್ನು ತೆಗೆದುಕೊಂಡು ಹೋಗುತ್ತದೆ. ಅದು ನಿಂತರೆ ಮೈ ಒಲೆಯಂತಾಗುತ್ತದೆ. ಹೋದ ನೀರಿನ ಜೊತೆಗೆ ಉಪ್ಪೂ ಹೋಗುತ್ತದೆ. ಹತ್ತು ಹನ್ನೆರಡು ಗಂಟೆಗಳ ನಡಿಗೆಗೆ ಎಷ್ಟು ನೀರು ಬೇಕೆಂದು ಲೆಕ್ಕ ಹಾಕಿದರೆ ಅದು ಒಬ್ಬನು ಹೊರಲಾರದ ಭಾರವಾಗುತ್ತದೆ, ಏಕೆಂದರೆ ಒಂದು ಲೀಟರು ನೀರಿಗೆ ಒಂದು ಕಿಲೋ ತೂಕ. ಹೊತ್ತುಕೊಂಡರೆ ಭಾರದಿಂದ ಬೆವರು ಹೆಚ್ಚುತ್ತದೆ. ಬಿಟ್ಟರೆ ಬಾಯಾರಿಕೆ ಹೆಚ್ಚುತ್ತದೆ. ಆದುದರಿಂದ ಈ ದಾರಿಯಲ್ಲಿ ನಡೆಯುವುದೆಂದರೆ ಒಂದು ನೀರಿನ ತಾಣದಿಂದ ಇನ್ನೊಂದು ನೀರಿನ ತಾಣಕ್ಕೆ ನಡೆಯುವುದು. ಹಿಂದಿನವರಿಗೆ ಈ ಲೆಕ್ಕ ಬರಹದಲ್ಲಿ ಗೊತ್ತಿರಲಿಲ್ಲ, ಆದರೆ ಬುತ್ತಿಯಲ್ಲಿ ಗೊತ್ತಿತ್ತು. ಕಡಕ್ ರೊಟ್ಟಿಯಲ್ಲಿ ನೀರಿನಂಶ ತೀರ ಕಡಿಮೆಯಾದುದರಿಂದ ಅದು ಹಗುರ, ಹಲವು ದಿನ ಕೆಡುವುದೂ ಇಲ್ಲ. ನೀರನ್ನು ರೊಟ್ಟಿಯಲ್ಲಿ ಹೊರುವ ಬದಲು ಬುರುಡೆಯಲ್ಲಿ ಹೊತ್ತರೆ ಬೇಕಾದಾಗ ಕುಡಿಯಬಹುದಲ್ಲವೇ!

ಹತ್ತೂವರೆಯ ಸುಮಾರಿಗೆ ಹುಡುಗನ ಬಾಟಲಿ ಬರಿದಾಯಿತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಮುಂದಿದ್ದವನು ನಡುವಿಗೆ ಬಂದನು. ನಡುವಿನಿಂದ ಹಿಂದಕ್ಕೆ ಬಿದ್ದನು. ತುಟಿ ಒಣಗಿತು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಕೇಳಿಸತೊಡಗಿತು. ಹೆಜ್ಜೆ ಇಟ್ಟ ಕಡೆ ಕಲ್ಲು ಜಾರುತ್ತಿದೆಯೋ ಕಾಲು ಜಾರುತ್ತಿದೆಯೋ ತಿಳಿಯಲಿಲ್ಲ. ಬಲಕ್ಕೆ ದಾರಿಯ ಅಂಚಿನಲ್ಲೇ ಒಂದು ಕೊರಕಲು, ಆಳವಾಗಿ ಬಾಯಿ ತೆರೆದಿತ್ತು. ಅತ್ತೆ ಹಿಂದಿರುಗಿ ನೋಡಿದಳು. ಹುಡುಗನ ಮುಖ ಕೆಂಪೇರಿ, ಹಣೆಯ ಮೇಲೆ ಬೆವರೇ ಇರಲಿಲ್ಲ.

“ತಾತಾ, ನಿಂದ್ರು! ಹುಡುಗನ ಮಾರಿ ನೋಡಿಲ್ಲಿ!” ಎಂದು ಆಕೆ ಕೂಗಿದಳು.

ತಾತ ಓಡಿಬಂದು ಹುಡುಗನ ತೋಳು ಹಿಡಿದು ಕೊರಕಲಿನ ಕಡೆಯಿಂದ ಈಚೆಗೆ ಎಳೆದು, ಒಂದು ಬಂಡೆಯ ನೆರಳಿನಲ್ಲಿ ಕೂರಿಸಿದನು. ಅಂಗಿಯ ಗುಂಡಿ ಬಿಚ್ಚಿ, ಟವೆಲನ್ನು ಒದ್ದೆಮಾಡಿ ಕತ್ತಿಗೆ ಸುತ್ತಿದನು, ಬೀಸಿದನು. ತನ್ನ ನೀರಿಗೆ ಉಪ್ಪು, ಬೆಲ್ಲ, ನಿಂಬೆಯ ರಸ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದನು. ಹುಡುಗ ಬಾಟಲಿಯನ್ನು ಕಸಿದುಕೊಳ್ಳುವವನಂತೆ ಕೈಚಾಚಿದರೂ ಬಿಡಲಿಲ್ಲ. ತಾತನ ನೀರು ಮುಗಿಯಿತು. ಅತ್ತೆಯ ಬಳಿ ಉಳಿದದ್ದು ಕಾಲು ಬಾಟಲಿ. ಪೆದ್ದ ಚೆರುವಿಗೆ ಇನ್ನೂ ಒಂದು ಗಂಟೆಯ ದಾರಿ ಇತ್ತು. ತಂಡದ ಉಳಿದವರು ತಮ್ಮ ತಮ್ಮ ಬಾಟಲಿಗಳನ್ನು ಅಲ್ಲಾಡಿಸಿ ನೋಡಿಕೊಂಡರು, ಒಬ್ಬರೂ ಮಾತನಾಡಲಿಲ್ಲ.

ಆ ಹೊತ್ತಿಗೆ ಹಿಂದಿನಿಂದ ‘ಉಘೇ ಉಘೇ’ ಎಂಬ ಕೂಗು ಕೇಳಿಸಿತು. ಬಾಗಲಕೋಟೆಯ ಕಡೆಯವರು ಕಂಬಿ ಹೊತ್ತು ಏರುತ್ತಿದ್ದರು. ಅವರಲ್ಲೊಬ್ಬ ನಡುವಯಸ್ಸಿನವನು ಹುಡುಗನನ್ನು ನೋಡಿ, ಏನೂ ಕೇಳದೆ, ತನ್ನ ಹೆಗಲಿನ ನೀರಿನ ಚೀಲವನ್ನು ಇಳಿಸಿ ಹುಡುಗನ ಬಾಟಲಿಗೆ ಅರ್ಧದವರೆಗೆ ಸುರಿದನು. “ಸಣ್ಣಂಗ ಕುಡಿಯೋ ಯಪ್ಪಾ” ಎಂದಷ್ಟೇ ಹೇಳಿ ತನ್ನವರನ್ನು ಕೂಡಿಕೊಂಡನು. ಅವನ ಊರು ಯಾವುದೆಂದು ಕೇಳುವಷ್ಟರಲ್ಲಿ ಕಂಬಿ ತಿರುವನ್ನು ದಾಟಿಹೋಗಿತ್ತು.

ಅರ್ಧ ಗಂಟೆ ಕಳೆದ ಮೇಲೆ ಹುಡುಗನ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಆಗ ತಾತನ ಮುಖದಲ್ಲಿಯೂ ನಗೆ ಮೂಡಿತು. ಹೊರಡುವಾಗ ಹುಡುಗನ ಹೊರೆ ತಾತನ ಬೆನ್ನಿಗೇರಿತು.

ಪೆದ್ದ ಚೆರುವು ಎಂದರೆ ದೊಡ್ಡ ಕೆರೆ. ಬೆಟ್ಟದ ಮೇಲಿನ ತಗ್ಗಿನಲ್ಲಿ ನಿಂತ ಆ ನೀರನ್ನು ಕಂಡಾಗ ನಡೆದು ಬಂದವರೆಲ್ಲ ಒಂದು ಕ್ಷಣ ಮೌನವಾಗುತ್ತಾರೆ. ಯುಗಾದಿಯ ದಿನಗಳಲ್ಲಿ ಇಲ್ಲಿ ಯಾತ್ರಿಕರಿಗಾಗಿ ಅನ್ನದ ಏರ್ಪಾಡೂ ಕುಡಿಯುವ ನೀರಿನ ಅರವಟ್ಟಿಗೆಯೂ ಇರುತ್ತವೆ. ಹತ್ತಿರದಲ್ಲಿಯೇ ಚೆಂಚು ಜನರ ಗುಡಿಸಲುಗಳು. ಈ ಕಾಡಿನ ಮೂಲ ನಿವಾಸಿಗಳು ಅವರು. ಜೇನು, ಗೆಡ್ಡೆ, ಇಪ್ಪೆಯ ಹೂ, ಕಾಡಿನ ಹಣ್ಣುಗಳನ್ನು ಆಯ್ದು ಬದುಕಿದವರು. ಯಾವ ಬಂಡೆಯ ಸಂದಿನಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆಂಬುದು ಅವರಿಗೆ ಗೊತ್ತಿರುವಂತೆ ಬೇರಾರಿಗೂ ಗೊತ್ತಿಲ್ಲ. ಮಲ್ಲಯ್ಯ ಬೇಟೆಗೆ ಬಂದು ಚೆಂಚು ಕನ್ಯೆಯೊಬ್ಬಳನ್ನು ಮೆಚ್ಚಿ ಮದುವೆಯಾದನೆಂಬುದು ಅವರ ಕಥೆ. ಹೀಗಾಗಿ ಅವರಿಗೂ ಅವನು ಅಳಿಯನೇ. ಒಬ್ಬ ಅಳಿಯನಿಗಾಗಿ ಇಬ್ಬರು ಬೀಗರು ಜಗಳವಾಡಬೇಕಿತ್ತು. ಆದರೆ ಇಲ್ಲಿ ಒಬ್ಬರ ಕಾಡಿನಲ್ಲಿ ಇನ್ನೊಬ್ಬರು ನಿಶ್ಚಿಂತೆಯಿಂದ ನಡೆದುಹೋಗುತ್ತಾರೆ.

ಈ ಕಾಡು ಹುಲಿಗಳದೂ ಹೌದು. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶವಾಗಿ 1983ರಿಂದ ಇದು ಹುಲಿ ಯೋಜನೆಗೆ ಸೇರಿದೆ. ಶಿವರಾತ್ರಿ, ಯುಗಾದಿಗಳ ಕಾಲದಲ್ಲಿ ಯಾತ್ರಿಕರಿಗೆ ದಾರಿ ಬಿಡುವ ಅರಣ್ಯ ಇಲಾಖೆಯವರು ಬೆಂಕಿ ಹಚ್ಚಬಾರದು, ಪ್ಲಾಸ್ಟಿಕ್ ಬಿಸುಡಬಾರದು ಎಂದು ಎಚ್ಚರಿಸುತ್ತಾರೆ. ಒಣಗಿದ ಕಾಡಿಗೆ ಒಂದು ಬೀಡಿಯ ಕಿಡಿ ಸಾಕು. ಆದರೂ ದಾರಿಯ ಎರಡೂ ಬದಿಗೆ ಖಾಲಿ ಬಾಟಲಿಗಳು ಬಿದ್ದಿರುವುದನ್ನು ಕಾಣಬಹುದು. ಮಗಳ ಮನೆಗೆ ಹೋಗುವವರು ಅವಳ ಅಂಗಳದಲ್ಲಿ ಕಸ ಚೆಲ್ಲಿ ಹೋಗುವುದು ಯಾವ ಊರಿನ ಪದ್ಧತಿಯೋ ತಿಳಿಯದು.

ಕೆರೆಯ ದಂಡೆಯ ಮರದ ನೆರಳಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಕುಳಿತಾಗ ತಾತ ಒಂದು ಕಥೆ ಹೇಳಿದನು. ಅದು ಈ ದಾರಿಯಲ್ಲಿ ಬಹುಕಾಲದಿಂದ ನಡೆಯುತ್ತ ಬಂದ ಕಥೆ. 13ನೆಯ ಶತಮಾನದ ಕವಿ ರಾಘವಾಂಕ ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ವಿಸ್ತಾರವಾಗಿ ಹೇಳಿದ್ದು. ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಹುಡುಗ ಸಿದ್ಧರಾಮ ಹೊಲ ಕಾಯುತ್ತಿದ್ದಾಗ ಜಂಗಮನೊಬ್ಬ ಬಂದನು. ತಾನು ಶ್ರೀಶೈಲದ ಮಲ್ಲಯ್ಯನೆಂದನು. ಹುಡುಗ ಹಸಿಯ ಜೋಳದ ತೆನೆ ಕೊಟ್ಟನು. ಅದನ್ನು ತಿಂದ ಅತಿಥಿ ಮಜ್ಜಿಗೆಯನ್ನ ಬೇಡಿದನು. ಹುಡುಗ ಮನೆಗೆ ಓಡಿಹೋಗಿ ತರುವಷ್ಟರಲ್ಲಿ ಅತಿಥಿ ಇರಲಿಲ್ಲ. ಅಳುತ್ತ ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲಕ್ಕೆ ಬಂದರೆ ಅಲ್ಲಿ ಅವರು ಗುಡಿಯ ಲಿಂಗವನ್ನು ತೋರಿಸಿದರು. “ನನ್ನ ಮಲ್ಲಯ್ಯ ಇವನಲ್ಲ” ಎಂದು ಹುಡುಗ ಕಾಡುಮೇಡು ಅಲೆದನು, ಕೊನೆಗೆ ಕಮರಿಯೊಂದರ ಅಂಚಿನಲ್ಲಿ ನಿಂತು ಹಾರಲು ಸಿದ್ಧನಾದನು. ಆಗ ಮಲ್ಲಯ್ಯ ಕೈಹಿಡಿದು ನಿಲ್ಲಿಸಿದನಂತೆ.

“ಆಮ್ಯಾಲ ಅಂವ ಏನ ಮಾಡಿದಾ ತಾತಾ?” ಎಂದು ಹುಡುಗ ಕೇಳಿದನು.

“ಊರಿಗೆ ತಿರಿಗಿ ಹೋಗಿ ಕೆರಿ ತೋಡಿಸಿದ” ಎಂದು ತಾತ ರೊಟ್ಟಿ ಮುರಿಯುತ್ತ ಹೇಳಿದನು.

ಸೊಲ್ಲಾಪುರದಲ್ಲಿ ಸಿದ್ಧರಾಮನ ಹೆಸರಿನ ಆ ಕೆರೆ ಇಂದಿಗೂ ಇದೆ.

ಬಿಸಿಲು ಇಳಿಮುಖವಾದ ಮೇಲೆ ತಂಡ ಮತ್ತೆ ಹೊರಟಿತು. ಮಠಂಬಾವಿಯನ್ನು ದಾಟಿ ಸಾಗಿದರೆ ನೆಲ ಒಮ್ಮೆಗೆ ಕುಸಿದಂತೆ ಎದುರಿಗೆ ಒಂದು ದೊಡ್ಡ ಕಂದರ ತೆರೆದುಕೊಳ್ಳುತ್ತದೆ. ಅದೇ ಭೀಮನ ಕೊಳ. ಎರಡು ಕಡೆಯೂ ಗೋಡೆಯಂತೆ ಎದ್ದ ಬಂಡೆಗಳು. ಪದರ ಪದರದ ಕಲ್ಲು ಸಂಜೆಯ ಬೆಳಕಿಗೆ ಕೆಂಪಗೆ, ಹೊಂಬಣ್ಣಕ್ಕೆ ತಿರುಗುತ್ತದೆ. ತಳದಲ್ಲಿ ಹಳ್ಳದ ಹಾಸುಗಲ್ಲು, ಅದರ ನಡುವೆ ಅಲ್ಲಲ್ಲಿ ಮಡುಗಳಲ್ಲಿ ನಿಂತ ನೀರು. ವನವಾಸದ ಕಾಲದಲ್ಲಿ ದ್ರೌಪದಿ ಬಾಯಾರಿದಾಗ ಭೀಮ ಗದೆಯಿಂದ ಬಂಡೆಯನ್ನು ಹೊಡೆದು ಇಲ್ಲಿ ನೀರು ಬರಿಸಿದನೆಂದು ಜನ ಹೇಳುತ್ತಾರೆ. ಬೆಳಗಿನಿಂದ ಒಣಬೆಟ್ಟದಲ್ಲಿ ನಡೆದು ಬಂದವನಿಗೆ ಈ ಕಥೆಯನ್ನು ನಂಬುವುದು ಕಷ್ಟವಲ್ಲ. ಭೂಗೋಳದ ವಿವರಣೆ ಬೇರೆ: ಸಾವಿರಾರು ಮಳೆಗಾಲಗಳ ಹಳ್ಳದ ನೀರು, ತನ್ನೊಡನೆ ಉರುಳಿಸಿ ತಂದ ಕಲ್ಲುಗಳಿಂದಲೇ ಬಂಡೆಯನ್ನು ತೇದು ತೇದು ಈ ಕಂದರವನ್ನು ಕೊರೆದಿದೆ. ಗದೆ ಒಂದೇ ಪೆಟ್ಟಿಗೆ ಮಾಡಿದ್ದನ್ನು ನೀರು ಲಕ್ಷಾಂತರ ಪೆಟ್ಟುಗಳಿಂದ ಮಾಡಿತು.

ಕಂದರಕ್ಕೆ ಇಳಿಯಲೂ ಆಚೆಯ ದಂಡೆಗೆ ಏರಲೂ ಕಲ್ಲಿನ ಮೆಟ್ಟಿಲುಗಳಿವೆ. 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲ ದಾರಿ ಕಟ್ಟಿಸಿದನೆಂದು ಶಾಸನಗಳು ಹೇಳುತ್ತವೆ. ಅವನ ಮುಂಚೆಯೂ ಜನ ನಡೆಯುತ್ತಿದ್ದರು. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿ ಮಲೆನಾಡಿನ ಉಡುತಡಿಯಿಂದ ಹೊರಟು, ಕಲ್ಯಾಣವನ್ನು ಕಂಡು, ಅಲ್ಲಿಂದ ಶ್ರೀಶೈಲದ ಕದಳೀವನಕ್ಕೆ ನಡೆದು ಬಂದಳು. ಆಗ ಅರವಟ್ಟಿಗೆಯಿರಲಿಲ್ಲ, ಮುಂದಾಳು ಇರಲಿಲ್ಲ, ಬೆನ್ನ ಹಿಂದೆ ತಂಡವೂ ಇರಲಿಲ್ಲ. ಹೆಣ್ಣೊಬ್ಬಳು ಒಂಟಿಯಾಗಿ ಈ ಕಾಡುಗಳನ್ನು ದಾಟಿದಳೆಂಬುದನ್ನು ಪುಸ್ತಕದಲ್ಲಿ ಓದುವಾಗ ಸುಲಭವಾಗಿ ಹಾಳೆ ತಿರುವಿಬಿಡುತ್ತೇವೆ. ಭೀಮನ ಕೊಳದ ಮೆಟ್ಟಿಲುಗಳ ಮೇಲೆ ಅದು ಅಷ್ಟು ಸುಲಭವಾಗಿ ಮುಂದೆ ಸರಿಯುವುದಿಲ್ಲ.

ಇಳಿಯುವಾಗ ಮೊಣಕಾಲು ನಡುಗಿದರೆ, ಏರುವಾಗ ಎದೆ ಬಡಿಯುತ್ತದೆ. ಹುಡುಗ ತಳದಲ್ಲಿ ನಿಂತು, ಅರವಟ್ಟಿಗೆಯಲ್ಲಿ ಕೊಟ್ಟ ನೀರಿನಿಂದ ತಂಡದ ಹನ್ನೊಂದು ಜನರ ಬಾಟಲಿಗಳನ್ನೂ ತಾನೇ ತುಂಬಿದನು. ತನ್ನ ಹೊರೆಯನ್ನು ತಾತನಿಂದ ಕೇಳಿ ಹಿಂದಕ್ಕೆ ಪಡೆದನು. ಮೆಟ್ಟಿಲು ಏರುವಾಗ ಅವನು ಮುಂದೆ ಓಡಲಿಲ್ಲ. ಅತ್ತೆಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಂದನು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಒಂದೊಂದು ಗುಟುಕು. ಹಾಗೆ ನಿಂತಾಗಲೊಮ್ಮೆ ಮೆಟ್ಟಿಲ ಬದಿಯಲ್ಲಿ ಒಬ್ಬ ಮುದುಕಿ ಕುಳಿತು ಏದುಸಿರು ಬಿಡುತ್ತಿದ್ದುದು ಕಾಣಿಸಿತು. ಅವಳ ಕಡೆಯವರು ಮುಂದೆ ಹೋಗಿದ್ದರು. ಹುಡುಗ ಬಾಟಲಿಯ ಮುಚ್ಚಳ ತೆಗೆದು, “ಯವ್ವಾ, ಸಣ್ಣಂಗ ಕುಡಿ” ಎಂದನು. ಮುಂದಿದ್ದ ತಾತ ಅದನ್ನು ಕೇಳಿಸಿಕೊಂಡು ತಿರುಗಿಯೂ ನೋಡದೆ ಮೆಟ್ಟಿಲು ಏರಿದನು.

ಕತ್ತಲಾಗುವ ಹೊತ್ತಿಗೆ ಕೈಲಾಸದ್ವಾರ ಸಿಕ್ಕಿತು. ಕಾಲುದಾರಿ ಮುಗಿದು ಗಾಡಿಯ ದಾರಿ ಮೊದಲಾಗುವುದು ಅಲ್ಲಿಯೇ. ದೀಪಗಳು, ಜನರ ಗದ್ದಲ, ಅನ್ನದ ಪಂಕ್ತಿಗಳು. ಎಷ್ಟೋ ಜನ ಆ ದ್ವಾರದ ಹೊಸ್ತಿಲಿಗೆ ಹಣೆ ಮುಟ್ಟಿಸಿ ಅತ್ತುಬಿಟ್ಟರು. ಅತ್ತೆ ಸೀರೆಯ ಗಂಟನ್ನು ಬಿಚ್ಚಿ, ಕಾಡಿನ ಧೂಳು ತಾಗಿಲ್ಲವೆಂಬುದನ್ನು ದೀಪದ ಬೆಳಕಿನಲ್ಲಿ ನೋಡಿ ಸಮಾಧಾನಪಟ್ಟಳು.

ಮರುದಿನ ನಸುಕಿನಲ್ಲಿ, ದೇವಿಗೆ ಸೀರೆ ಒಪ್ಪಿಸುವುದಕ್ಕೆ ಮೊದಲು ಎಲ್ಲರೂ ಸ್ನಾನಕ್ಕೆಂದು ಪಾತಾಳಗಂಗೆಗೆ ಇಳಿದರು. ಗುಡಿ ಬೆಟ್ಟದ ಮೇಲೆ, ಕೃಷ್ಣೆ ಆಳದ ಕಂದರದಲ್ಲಿ. ನೂರಾರು ಮೆಟ್ಟಿಲು ಇಳಿದು ಹೋದರೆ ಸಿಗುವ ನೀರಾದುದರಿಂದ ಆ ಹೆಸರು. ಈಗ ಹಗ್ಗದ ಮೇಲೆ ಸಾಗುವ ತೊಟ್ಟಿಲುಗಳೂ ಇವೆ. ನಡೆದು ಬಂದವರಿಗೆ ಅವುಗಳ ಗೊಡವೆಯಿಲ್ಲ. ಮಹಾಬಲೇಶ್ವರದಲ್ಲಿ ಹುಟ್ಟಿ 1,400 ಕಿಲೋಮೀಟರು ಹರಿಯುವ ಕೃಷ್ಣೆ ಇಲ್ಲಿ ನಲ್ಲಮಲವನ್ನು ಸೀಳಿಕೊಂಡು ಸಾಗುತ್ತದೆ. ಆ ಇಕ್ಕಟ್ಟಿಗೆ ಅಡ್ಡಲಾಗಿ 1980ರ ದಶಕದ ಮೊದಲಿಗೆ ಮುಗಿದ ಶ್ರೀಶೈಲ ಅಣೆಕಟ್ಟು ನಿಂತಿದೆ. ಅದರ ಎತ್ತರ 145 ಮೀಟರು. ಅದರ ಹಿಂದೆ ನಿಂತ ನೀರು ಮೇಲ್ಗಡೆ ಸಂಗಮೇಶ್ವರದವರೆಗೆ ಚಾಚಿ, ಅನೇಕ ಹಳ್ಳಿಗಳನ್ನು ಮುಳುಗಿಸಿದೆ. ಸಂಗಮೇಶ್ವರದ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ತಲೆಯೆತ್ತುತ್ತದೆ.

ಹುಡುಗ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಎದುರಿನ ಬಂಡೆಯ ಗೋಡೆಗಳನ್ನು ನೋಡುತ್ತಿದ್ದನು. ಇಷ್ಟು ನೀರನ್ನು ಅವನು ಒಂದೇ ಕಡೆ ಕಂಡಿರಲಿಲ್ಲ.

“ತಾತಾ, ಈ ನೀರು ಎಲ್ಲಿಂದ ಬರತೈತಿ?”

“ನಮ್ಮೂರ ಕಡಿಂದ” ಎಂದನು ತಾತ.

ಹುಡುಗ ನಕ್ಕನು. ತಾತ ನಗಲಿಲ್ಲ. ಒದ್ದೆಯ ಮೆಟ್ಟಿಲಿನ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದನು. ಮೇಲಿನದು ಕೃಷ್ಣೆ, ಕೆಳಗಿನದು ತುಂಗಭದ್ರೆ. ನಡುವೆ ಒಂದು ಚುಕ್ಕೆ, ಅದು ಸಾಲಗುಂದ. ರಾಯಚೂರು ಹಿಂದಾಯಿತು, ಕರ್ನೂಲು ಹಿಂದಾಯಿತು, ಸಂಗಮೇಶ್ವರದ ಬಳಿ ಎರಡು ಗೆರೆಗಳು ಕೂಡಿದುವು. ಸಿಂಧನೂರು, ಮಸ್ಕಿಗಳ ಹಳ್ಳಗಳ ನೀರು ತುಂಗಭದ್ರೆಗೆ ಸೇರುತ್ತದೆ. ಲಿಂಗಸುಗೂರಿನ ಉತ್ತರದ ಅಂಚಿನಲ್ಲಿ ಹರಿಯುವುದು ಕೃಷ್ಣೆ. ಹೊಲದಲ್ಲಿ ಇಂಗಿ, ಕಾಲುವೆಯಲ್ಲಿ ಹಂಚಿ ಉಳಿದುದೆಲ್ಲ ಕೊನೆಗೆ ಬರುವುದು ಈ ಕಂದರಕ್ಕೆ. 2009ರ ಅಕ್ಟೋಬರಿನಲ್ಲಿ ಹುಚ್ಚುಮಳೆ ಸುರಿದು ರಾಯಚೂರು ಜಿಲ್ಲೆಯ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿದ ನೀರು, ಕರ್ನೂಲು ನಗರವನ್ನು ಮುಳುಗಿಸಿದ ನೀರು, ಇದೇ ಬಂಡೆಗಳ ನಡುವಿನಿಂದ ಹಾದುಹೋಯಿತು.

“ಹೋದ ಮಳಿಗಾಲದಾಗ ನಮ್ಮ ಕಡಿ ಹಾದು ಬಂದ ನೀರು ಇಲ್ಲಿ ನಿಂತೈತಿ ನೋಡು” ಎಂದು ತಾತ ಬೆರಳು ಒರೆಸಿಕೊಂಡನು.

ಅತ್ತೆ ಬೊಗಸೆಯಲ್ಲಿ ಎತ್ತಿದ ನೀರನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು.

“ಹಂಗಾದರ ಇದೂ ನಮ್ಮಂಗ ನಡಕೋತ ಬಂದೈತಿ” ಎಂದಳು.

“ಅದು ರಾತ್ರಿನೂ ನಡಿತೈತಿ ತಂಗೀ. ನಮ್ಮಂಗ ನೆರಳಿಗೆ ಕುಂದ್ರಂಗಿಲ್ಲ.”

ಬಿಸಿಲು ಎದುರಿನ ಬಂಡೆಯ ತುದಿಗೆ ಮುಟ್ಟಿತ್ತು. ಊರಿನಲ್ಲಿ ಅಜ್ಜಿ ಪಾತಾಳಗಂಗೆಯ ನೀರಿಗಾಗಿ ಕಾಯುತ್ತಿದ್ದಳು. ಹುಡುಗ ಬಗ್ಗಿ ತನ್ನ ಬಾಟಲಿಯನ್ನು ಕೊರಳಿನವರೆಗೆ ತುಂಬಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಒಂದು ಹನಿಯೂ ಸೋರುತ್ತಿಲ್ಲವೆಂದು ತಲೆಕೆಳಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡನು.